ಹಗ್ಗದ ಇನ್ನೊಂದು ತುದಿ ಯಾರ ಕೈಯಲ್ಲಿದೆ?



ಈ ಬಾರಿ ಹಳೆಯ ನೆನಪುಗಳ ಬದಲು ಒಂದು ಜಗಳವನ್ನು ಬರೆಯುತ್ತಿದ್ದೇನೆ. ಜಗಳ ನನ್ನ ಶಿಷ್ಯನೊಬ್ಬನೊಡನೆ. ಹೆಸರು ಹೇಳುವುದಿಲ್ಲ, ಎರಡು ಸಾಲು ಓದಿದೊಡನೆ ಅವನಿಗೇ ತಿಳಿಯುತ್ತದೆ, ಅವನ ತರಗತಿಯ ಮಿತ್ರರಿಗೂ ತಿಳಿದೀತು. ಊರಿಗೆ ಬಂದಾಗಲೆಲ್ಲ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಕಾಫಿ ಕುಡಿದು ಹೋಗುವ ಒಳ್ಳೆಯ ಹುಡುಗ. ಹುಡುಗನೆಂದೆ, ಅವನ ತಲೆಗೂದಲೂ ಈಗ ನರೆತಿದೆ. ಮೈಸೂರಿನ ಹೊರವಲಯದ ಕೈಗಾರಿಕಾ ಪ್ರದೇಶದಲ್ಲಿ ತಗಡನ್ನು ಒತ್ತಿ ಬಿಡಿಭಾಗಗಳನ್ನು ತಯಾರಿಸುವ ಒಂದು ಸಣ್ಣ ಘಟಕವನ್ನು ಸ್ವಂತ ದುಡಿಮೆಯಿಂದ ಕಟ್ಟಿದ್ದಾನೆ. ಹದಿನೆಂಟು ಜನಕ್ಕೆ ಅನ್ನ ಕೊಟ್ಟಿದ್ದಾನೆ. ಅದನ್ನು ನಾನು ಮರೆಯುವವನಲ್ಲ.

ಮೊನ್ನೆ ಬಂದಾಗ ಅವನು ಹೇಳಿದ ಮಾತಿದು: “ಸಾರ್, ಇನ್ನು ಮೇಲೆ ನಮಗೆ ನೆಮ್ಮದಿ. ಹೊಸ ಕಾನೂನಿನಲ್ಲಿ ಇಪ್ಪತ್ತು ಜನ ಆಗುವವರೆಗೂ ನಮ್ಮದು ಫ್ಯಾಕ್ಟರಿಯೇ ಅಲ್ಲ. ಇನ್‌ಸ್ಪೆಕ್ಟರ್ ಕಾಟ ತಪ್ಪಿತು.” ಆಗ ನಾನೂ ನಕ್ಕೆ. ಅತಿಥಿಯ ಮುಂದೆ ವಾದ ಹೂಡುವುದು ಸಲ್ಲದೆಂದು ಸುಮ್ಮನಿದ್ದೆ. ಆದರೆ ರಾತ್ರಿ ಮಲಗಿದ ಮೇಲೆ ಆ ಮಾತು ಕಿವಿಯಲ್ಲಿ ಗುಂಯ್‌ಗುಡತೊಡಗಿತು. ಹದಿನೆಂಟು ಜನ ದಿನವಿಡೀ ಯಂತ್ರದ ಮುಂದೆ ನಿಂತಿದ್ದಾರೆ. ಆದರೂ ಅದು ಕಾರ್ಖಾನೆಯಲ್ಲ. ಹಾಗಾದರೆ ಅದೇನು? ದೇವಸ್ಥಾನವೇ?

ಅವನ ಮಾತಿನಲ್ಲಿ ಸತ್ಯಾಂಶವಿಲ್ಲವೆಂದು ನಾನು ಹೇಳುತ್ತಿಲ್ಲ. ತನಿಖೆಗೆಂದು ಬಂದವರು ಯಂತ್ರದ ಕಡೆ ಕಣ್ಣೆತ್ತಿಯೂ ನೋಡದೆ ರಿಜಿಸ್ಟರುಗಳಲ್ಲಿ ಸಹಿ ತಪ್ಪಿದ ಕಾಲಂ ಹುಡುಕಿ, ಲಕೋಟೆ ಪಡೆದು ಹೋಗುವುದನ್ನು ಕಂಡವರಿದ್ದಾರೆ. ಅಂತಹ ತನಿಖೆಯಿಂದ ಯಾವ ಕಾರ್ಮಿಕನ ಬೆರಳೂ ಉಳಿಯಲಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಪರೀಕ್ಷೆಯಲ್ಲಿ ನಕಲು ನಡೆಯುತ್ತದೆಂದು ಪರೀಕ್ಷೆಯನ್ನೇ ರದ್ದು ಮಾಡುವ ಮುಖ್ಯೋಪಾಧ್ಯಾಯನನ್ನು ನಾವು ಏನೆನ್ನುತ್ತೇವೆ? ಮೇಲ್ವಿಚಾರಕನನ್ನು ಬದಲಿಸಬೇಕಾದಲ್ಲಿ ಶಾಲೆಗೇ ಬೀಗ ಹಾಕಿದಂತಾಯಿತು.

ಮೂವತ್ತು ವರ್ಷಕ್ಕೂ ಮಿಕ್ಕಿ ಸಮಾಜ ವಿಜ್ಞಾನ ಬೋಧಿಸಿದವನಾದ್ದರಿಂದ ಸ್ವಲ್ಪ ಇತಿಹಾಸವನ್ನು ಹೇಳದೆ ಇರಲಾರೆ; ಸಹಿಸಿಕೊಳ್ಳಿ. ಈ ದೇಶದ ಮೊದಲ ಕಾರ್ಖಾನೆ ಕಾಯಿದೆ ಬಂದದ್ದು 1881ರಲ್ಲಿ. ಬಂದದ್ದು ದಯೆಯಿಂದಲೇ ಎಂದು ಭಾವಿಸಬೇಡಿ. ಮುಂಬಯಿಯ ಗಿರಣಿಗಳ ಅಗ್ಗದ ಬಟ್ಟೆಗೆ ಹೆದರಿದ ಲ್ಯಾಂಕಷೈರಿನ ಗಿರಣಿ ಮಾಲೀಕರ ಒತ್ತಡವೂ ಅದರ ಹಿಂದಿತ್ತು. ಏಳು ವರ್ಷದೊಳಗಿನ ಮಕ್ಕಳನ್ನು ದುಡಿಸಬಾರದು, ಹನ್ನೆರಡರೊಳಗಿನವರನ್ನು ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು ಎಂಬುದೇ ಅದರ ದೊಡ್ಡ ಔದಾರ್ಯ. ಅದೂ ನೂರು ಜನರಿರುವ ಕಾರ್ಖಾನೆಗೆ ಮಾತ್ರ. 1891ರಲ್ಲಿ ಆ ನೂರು ಐವತ್ತಾಯಿತು. 1922ರಲ್ಲಿ ಇಪ್ಪತ್ತಾಯಿತು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ವಿದ್ಯುತ್ತು ಮೊದಲಾದ ಯಂತ್ರಶಕ್ತಿ ಬಳಸುವಲ್ಲಿ ಹತ್ತು ಜನರಿದ್ದರೆ ಸಾಕು, ಯಂತ್ರಶಕ್ತಿ ಇಲ್ಲದಲ್ಲಿ ಇಪ್ಪತ್ತು, ಎಂದು ನಿಶ್ಚಯಿಸಲಾಯಿತು. ಅದಕ್ಕೂ ಮುನ್ನ, 1942ರಿಂದ 1946ರವರೆಗೆ ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನಿರ್ವಹಿಸಿದ ಡಾ. ಅಂಬೇಡ್ಕರರ ಕಾಲದಲ್ಲಿ ವಾರಕ್ಕೆ 48 ಗಂಟೆಯ ದುಡಿಮೆ ಎಂಬ ಮಿತಿ ಬಂದಿತ್ತು.

ನೂರು, ಐವತ್ತು, ಇಪ್ಪತ್ತು, ಹತ್ತು. ಅರವತ್ತೇಳು ವರ್ಷಗಳಲ್ಲಿ ಕಾನೂನು ಒಂದೊಂದೇ ಮೆಟ್ಟಿಲು ಇಳಿದು ಚಿಕ್ಕವರ ಬಾಗಿಲಿಗೆ ಬಂದಿತು. ಮುಂದಿನ ಮೆಟ್ಟಿಲು ಐದಾಗಬೇಕಿತ್ತು, ಆಮೇಲೆ ಒಂದಾಗಬೇಕಿತ್ತು. ಆದದ್ದೇನು? 2020ರಲ್ಲಿ ಹದಿಮೂರು ಕಾಯಿದೆಗಳನ್ನು ಒಂದುಗೂಡಿಸಿ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯನ್ನು ಸಂಸತ್ತು ಅಂಗೀಕರಿಸಿತು. 2025ರ ನವೆಂಬರ್ 21ರಂದು ಅದು ಜಾರಿಗೆ ಬಂದಿತು. ಅದರಲ್ಲಿ ಕಾರ್ಖಾನೆ ಎನಿಸಿಕೊಳ್ಳಲು ಯಂತ್ರಶಕ್ತಿ ಇದ್ದಲ್ಲಿ ಇಪ್ಪತ್ತು, ಇಲ್ಲದಲ್ಲಿ ನಲವತ್ತು ಜನ ಬೇಕು. ಅಂದರೆ 1922ರಲ್ಲಿ ಬ್ರಿಟಿಷರು ನಿಂತಿದ್ದ ಮೆಟ್ಟಿಲಿಗೇ ನಾವು ಮರಳಿ ಹತ್ತಿದ್ದೇವೆ. ನೂರು ವರ್ಷಗಳ ಪ್ರಯಾಣದ ನಂತರ ಹೊರಟ ನಿಲ್ದಾಣದಲ್ಲೇ ಇಳಿದ ಪ್ರಯಾಣಿಕನ ಸ್ಥಿತಿ.

ನನ್ನ ಶಿಷ್ಯನಿಗೆ ಅನ್ಯಾಯವಾಗದಂತೆ ಇದನ್ನೂ ಹೇಳಬೇಕು. ಹತ್ತು ಜನರಿರುವ ಯಾವ ಉದ್ಯೋಗಸ್ಥಳವಾದರೂ ಆ ಸಂಹಿತೆಯ ಸಾಮಾನ್ಯ ಹೊಣೆಗಳಿಂದ ತಪ್ಪಿಸಿಕೊಳ್ಳುವಂತಿಲ್ಲ. ಆದ್ದರಿಂದ, ಅಪ್ಪಾ, ನೀನು ತಿಳಿದಷ್ಟು ಸ್ವತಂತ್ರನೂ ಅಲ್ಲ. ಎಲ್ಲರಿಗೂ ನೇಮಕಾತಿ ಪತ್ರ ಕೊಡಬೇಕೆಂಬ ನಿಯಮ ಒಳ್ಳೆಯದು. ಮಾಲೀಕನ ಕರ್ತವ್ಯಲೋಪದಿಂದ ಸಾವು ಸಂಭವಿಸಿದರೆ ಐದು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಅದರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದ ಭಾಗವನ್ನು ಸತ್ತವನ ವಾರಸುದಾರರಿಗೆ ಕೊಡಿಸಲು ನ್ಯಾಯಾಲಯಕ್ಕೆ ಅಧಿಕಾರ, ಇವೂ ಒಳ್ಳೆಯವೇ. ಸುರಕ್ಷತಾ ಅಧಿಕಾರಿಯನ್ನು ನೇಮಿಸಲು ಹಿಂದೆ ಸಾಮಾನ್ಯ ಕಾರ್ಖಾನೆಯಲ್ಲಿ ಸಾವಿರ ಜನರಿರಬೇಕಿತ್ತು, ಈಗ ಐನೂರು ಸಾಕು. ಆದರೆ ಇವೆಲ್ಲ ಒಂದೋ ದೊಡ್ಡವರಿಗೆ, ಇಲ್ಲವೇ ಸತ್ತ ಮೇಲೆ. ನನ್ನ ಪ್ರಶ್ನೆ ಹದಿನೆಂಟು ಜನರ ಬಗ್ಗೆ, ಅವರು ಬದುಕಿರುವಾಗಿನದು. ಯಂತ್ರದ ಚಲಿಸುವ ಭಾಗಕ್ಕೆ ತಡೆ ಇರಬೇಕು ಎಂಬ ಮಾತು 1948ರ ಕಾಯಿದೆಯ ಒಡಲಿನಲ್ಲೇ, 21ನೆಯ ಕಲಮಿನಲ್ಲಿ, ಸ್ಪಷ್ಟವಾಗಿ ಬರೆದಿತ್ತು. ಸಂಹಿತೆಯಲ್ಲಿ ಅಂತಹ ವಿವರಗಳನ್ನು ಸರ್ಕಾರ ಹೊರಡಿಸುವ ಮಾನದಂಡಗಳಿಗೂ ನಿಯಮಗಳಿಗೂ ಬಿಡಲಾಗಿದೆ. ಸಂಸತ್ತಿನಲ್ಲಿ ಚರ್ಚೆಯಾಗದೆ ಬದಲಾಗದಿದ್ದದ್ದು ಈಗ ಒಂದು ಅಧಿಸೂಚನೆಯಿಂದ ಬದಲಾಗಬಲ್ಲುದು.

ಈ 21ನೆಯ ಕಲಮು ಏಕೆ ಬೇಕೆಂದು ನನಗೆ ತಿಳಿಸಿದವನು ಮತ್ತೊಬ್ಬ ಶಿಷ್ಯ. ಅವನು ಎಸ್.ಎಸ್.ಎಲ್.ಸಿ. ನಂತರ ಬೆಂಗಳೂರಿಗೆ ಹೋಗಿ ಒಂದು ಸಣ್ಣ ಘಟಕದಲ್ಲಿ ಪವರ್ ಪ್ರೆಸ್ಸಿನ ಮುಂದೆ ನಿಂತ. ಪ್ರೆಸ್ಸಿನ ರಚನೆಯನ್ನು ಅವನೇ ನನಗೆ ವಿವರಿಸಿದ. ಮೇಲಿನ ಅಚ್ಚು ಟನ್ನುಗಟ್ಟಲೆ ಬಲದಿಂದ ಕೆಳಗಿಳಿದು ತಗಡನ್ನು ಕತ್ತರಿಸುತ್ತದೆ. ಕಾರ್ಮಿಕ ತಗಡನ್ನು ಕೈಯಿಂದ ಒಳಗಿಟ್ಟು ಕೈ ಹಿಂದೆಗೆಯಬೇಕು. ಕೈ ಒಳಗಿರುವಾಗ ಅಚ್ಚು ಇಳಿಯಬಾರದೆಂದು ಯಂತ್ರಕ್ಕೆ ಎರಡು ಗುಂಡಿಗಳನ್ನು ಒಂದಕ್ಕೊಂದು ದೂರದಲ್ಲಿ ಇಟ್ಟಿರುತ್ತಾರೆ. ಎರಡು ಕೈಗಳಿಂದ ಎರಡನ್ನೂ ಏಕಕಾಲಕ್ಕೆ ಒತ್ತಿದರೆ ಮಾತ್ರ ಅಚ್ಚು ಇಳಿಯುತ್ತದೆ. ಎರಡೂ ಕೈಗಳು ಗುಂಡಿಯ ಮೇಲಿದ್ದ ಮೇಲೆ ಅಚ್ಚಿನ ಕೆಳಗೆ ಇರಲು ಮೂರನೆಯ ಕೈ ಯಾರಿಗಿದೆ? ಎಂತಹ ಸರಳ, ಎಂತಹ ಸುಂದರ ಉಪಾಯ! ಇದನ್ನು ಕಂಡುಹಿಡಿದವನು ಕಾರ್ಮಿಕನ ಕೈಯನ್ನು ಪ್ರೀತಿಸಿದ್ದಿರಬೇಕು.

ಆದರೆ ಎರಡು ಗುಂಡಿ ಒತ್ತಲು ಒಂದೆರಡು ಕ್ಷಣ ಹೆಚ್ಚು ಹಿಡಿಯುತ್ತದೆ. ಪಾಳಿಗೆ ಇಷ್ಟು ಸಾವಿರ ಬಿಡಿಭಾಗವೆಂಬ ಗುರಿ ಇರುವಲ್ಲಿ ಆ ಒಂದೆರಡು ಕ್ಷಣವೇ ಹಣ. ಆದ್ದರಿಂದ ಒಂದು ಗುಂಡಿಯನ್ನು ಸೈಕಲ್ ಟ್ಯೂಬಿನ ತುಂಡಿನಿಂದ ಸದಾ ಒತ್ತಿದಂತೆ ಕಟ್ಟಿಬಿಡುತ್ತಾರೆ. ಈಗ ಒಂದು ಕೈ ಗುಂಡಿಯ ಮೇಲೆ, ಇನ್ನೊಂದು ತಗಡಿನ ಮೇಲೆ. ನನ್ನ ಶಿಷ್ಯನ ಬಲಗೈಯ ಮೂರು ಬೆರಳುಗಳು ಹೋದದ್ದು ಹಾಗೆ. ಸುಂದರವಾದ ಅಕ್ಷರ ಅವನದು. ಶಾಲೆಯ ಗೋಡೆಪತ್ರಿಕೆಯನ್ನು ಎರಡು ವರ್ಷ ಅವನೇ ಬರೆದ. ಆ ಟ್ಯೂಬನ್ನು ಕಟ್ಟಿದವರು ಯಾರೆಂದು ಕೇಳಿದೆ. “ನಾನೇ ಸಾರ್, ಎಲ್ಲರೂ ಕಟ್ಟಿಕೊಳ್ಳುತ್ತಿದ್ದೆವು” ಎಂದ. ಮಾಲೀಕರು ಹೇಳಿದ್ದೂ ಅದನ್ನೇ: ಅವನೇ ಕಟ್ಟಿಕೊಂಡ, ಅವನದೇ ಅಜಾಗರೂಕತೆ.

ಈ ‘ಅಜಾಗರೂಕತೆ’ ಎಂಬ ಪದದ ಮೇಲೆಯೇ ನನ್ನ ಕೋಪ. ಕಟ್ಟದಿದ್ದರೆ ಗುರಿ ಮುಟ್ಟುವುದಿಲ್ಲ, ಗುರಿ ಮುಟ್ಟದಿದ್ದರೆ ನಾಳೆ ಕೆಲಸವಿಲ್ಲ. ಹೀಗಿರುವಾಗ ಗುಂಡಿಯನ್ನು ಕಟ್ಟಿದ್ದು ಕೈಯೋ, ಗುರಿಯೋ? ಗುರಿಯನ್ನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದವರು ಯಾರು?

ಇನ್ನು ನಮ್ಮ ರಾಜ್ಯದ ಎರಡು ಘಟನೆಗಳನ್ನು ನೆನೆಯೋಣ. 2022ರ ಏಪ್ರಿಲ್ 17ರಂದು ಮಂಗಳೂರಿನ ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕವೊಂದರಲ್ಲಿ ತ್ಯಾಜ್ಯದ ತೊಟ್ಟಿಗೆ ಒಬ್ಬ ಕಾರ್ಮಿಕ ಇಳಿದು ಕುಸಿದು ಬಿದ್ದ. ಅವನನ್ನು ಎತ್ತಲು ಜೊತೆಗಾರರು ಒಬ್ಬರ ಹಿಂದೊಬ್ಬರು ಇಳಿದರು. ಐವರು ಸತ್ತರು, ಐವರೂ ಪಶ್ಚಿಮ ಬಂಗಾಳದಿಂದ ಬಂದ ಹುಡುಗರು. 2023ರ ಡಿಸೆಂಬರ್ 4ರಂದು ವಿಜಯಪುರದ ಗೋದಾಮೊಂದರಲ್ಲಿ ಮೆಕ್ಕೆಜೋಳದ ಮೂಟೆಗಳು ಕುಸಿದು ಬಿಹಾರದ ಏಳು ಮಂದಿ ಕೂಲಿಕಾರರು ಅಡಿಯಲ್ಲಿ ಸಿಲುಕಿ ಪ್ರಾಣ ಬಿಟ್ಟರು. ಭಾಷೆ ಬಾರದ ಊರಿನಲ್ಲಿ ಅಪಾಯದ ಸೂಚನೆಯನ್ನು ಯಾವ ಭಾಷೆಯಲ್ಲಿ ಬರೆದಿದ್ದರೂ ಅವರಿಗೆ ಅದು ಚಿತ್ರವೇ. ನಮ್ಮ ಊರಿನ ಮಕ್ಕಳು ಬೆಂಗಳೂರಿಗೆ ಹೋದಂತೆ ಅವರ ಮಕ್ಕಳು ನಮ್ಮಲ್ಲಿಗೆ ಬಂದಿದ್ದಾರೆ. ಪತ್ರಿಕೆಯಲ್ಲಿ ಒಂದೆರಡು ದಿನ ಸುದ್ದಿಯಾಯಿತು, ಪರಿಹಾರದ ಘೋಷಣೆಯಾಯಿತು, ಶವಗಳು ಊರಿಗೆ ಹೋದವು.

ಮಂಗಳೂರಿನ ಸುದ್ದಿ ಓದಿದ ದಿನ ನಾನು 1948ರ ಕಾಯಿದೆಯ ಪ್ರತಿಯೊಂದನ್ನು ತರಿಸಿ ಓದಿದೆ. ನಿವೃತ್ತರಿಗೆ ಬೇರೆ ಕೆಲಸವೇನು? ಅದರ 36ನೆಯ ಕಲಮು ಇಂತಹ ತೊಟ್ಟಿ, ಗುಂಡಿ, ಕೋಣೆಗಳಿಗಾಗಿಯೇ ಇದೆ. ವಿಷಾನಿಲ ಇರಬಹುದಾದ ಜಾಗಕ್ಕೆ ಯಾರೂ ಸುಮ್ಮನೆ ಇಳಿಯಬಾರದು. ಒಳಗಿನ ಗಾಳಿಯನ್ನು ಪರೀಕ್ಷಿಸಿ ಅಪಾಯವಿಲ್ಲವೆಂದು ಅರ್ಹನಾದವನು ಬರವಣಿಗೆಯಲ್ಲಿ ಪ್ರಮಾಣಪತ್ರ ಕೊಟ್ಟಿರಬೇಕು. ಇಲ್ಲವೇ ಇಳಿಯುವವನು ಉಸಿರಾಟದ ಸಾಧನ ಧರಿಸಿ, ಸೊಂಟಕ್ಕೆ ಪಟ್ಟಿ ಬಿಗಿದು, ಆ ಪಟ್ಟಿಗೆ ಹಗ್ಗ ಕಟ್ಟಿ, ಹಗ್ಗದ ಇನ್ನೊಂದು ತುದಿಯನ್ನು ಹೊರಗೆ ನಿಂತ ಮನುಷ್ಯನೊಬ್ಬ ಹಿಡಿದಿರಬೇಕು. ಇದನ್ನು ಓದಿ ನಾನು ಬಹಳ ಹೊತ್ತು ಸುಮ್ಮನೆ ಕುಳಿತೆ. ನಾವು ಹುಡುಗರಾಗಿದ್ದಾಗ ಬಾವಿ ತೆಗೆಯುವ ಒಡ್ಡರು ಇಳಿಯುವ ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದರು. ದೀಪ ನಂದಿದರೆ ಅಂದು ಇಳಿಯುತ್ತಿರಲಿಲ್ಲ. ಮೇಲೆ ಹಗ್ಗ ಹಿಡಿದು ಅವರ ಮನೆಯವರೇ ಯಾರಾದರೂ ನಿಲ್ಲುತ್ತಿದ್ದರು. ಅಕ್ಷರ ಬಾರದವರಿಗೆ ತಿಳಿದಿದ್ದದ್ದು ಆರ್ಥಿಕ ವಲಯಕ್ಕೆ ತಿಳಿಯದೆ ಹೋಯಿತು. ಹಗ್ಗ ಹಿಡಿಯಲೆಂದು ಒಬ್ಬ ಆಳನ್ನು ಸುಮ್ಮನೆ ನಿಲ್ಲಿಸಿದರೆ ಅವನ ದಿನಗೂಲಿ ದಂಡವೆಂದು ಲೆಕ್ಕ ಹಾಕಿದವರೇ ಎಲ್ಲ ಕಡೆಯೂ.

ಈಗ ಬಂಧುಗಳಿಗೆ ಇಷ್ಟವಾಗದ ಒಂದು ವಿಷಯ ಬರೆಯಬೇಕಾಗಿದೆ. ಅವರು ಇದನ್ನು ಓದುತ್ತಾರೆಂದು ತಿಳಿದೇ ಬರೆಯುತ್ತಿದ್ದೇನೆ. ಕಾರ್ಖಾನೆಯವರನ್ನು ಬೈಯುವುದು ಮೇಷ್ಟರಿಗೆ ಸುಲಭ. ಅವರಿಗೆ ಕಾರ್ಖಾನೆ ಇಲ್ಲವಲ್ಲ. ಆದರೆ ನಮಗೆ ಬ್ಯಾರನ್ ಇತ್ತು.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ನಾಲ್ಕು ತಾಲ್ಲೂಕುಗಳವರಿಗೆ ಬ್ಯಾರನ್ ಎಂದರೇನೆಂದು ವಿವರಿಸಬೇಕಿಲ್ಲ. ಹೊರನಾಡಿನಲ್ಲಿ ಹುಟ್ಟಿದ ಮೊಮ್ಮಕ್ಕಳಿಗಾಗಿ ಹೇಳುತ್ತೇನೆ. ವರ್ಜೀನಿಯಾ ಹೊಗೆಸೊಪ್ಪಿನ ಹಸಿ ಎಲೆಗಳನ್ನು ಕೋಲುಗಳಿಗೆ ಕಟ್ಟಿ, ಎತ್ತರವಾದ, ಕಿಟಕಿಯಿಲ್ಲದ ಮನೆಯೊಳಗೆ ಅಡ್ಡಗಳುಗಳ ಮೇಲೆ ಅಂತಸ್ತು ಅಂತಸ್ತಾಗಿ ಏರಿಸುತ್ತಾರೆ. ಹೊರಗಿನ ಒಲೆಯಲ್ಲಿ ಸೌದೆ ಉರಿಸಿದರೆ ಬಿಸಿ ತಗಡಿನ ಕೊಳವೆಗಳ ಮೂಲಕ ಒಳಗೆಲ್ಲ ಹರಿಯುತ್ತದೆ. ನಾಲ್ಕಾರು ದಿನ ಹಗಲೂ ರಾತ್ರಿ ಉರಿ ಕಾಯಬೇಕು. ಸೊಪ್ಪು ಏರಿಸುವವನು ಎರಡು ಗಳುಗಳ ಮೇಲೆ ಎರಡು ಕಾಲಿಟ್ಟು, ನಡುವೆ ಏನೂ ಇಲ್ಲದೆ, ಕೆಳಗಿನಿಂದ ಬರುವ ಕೋಲನ್ನು ಹಿಡಿದು ಮೇಲಕ್ಕೆ ದಾಟಿಸಬೇಕು. ಇಬ್ಬನಿಯಲ್ಲಿ ನೆನೆದ ಸೊಪ್ಪು ಮುರಿಯುವವರ ಚರ್ಮದ ಮೂಲಕ ನಿಕೋಟಿನ್ ಮೈಗೆ ಇಳಿದು ತಲೆ ಸುತ್ತು, ವಾಂತಿ ಬರುತ್ತದೆ. ನಾವು ಅದನ್ನು ಪಿತ್ತವೆನ್ನುತ್ತಿದ್ದೆವು. ಜುಲೈಯಿಂದ ಸೆಪ್ಟೆಂಬರಿನವರೆಗೆ ನನ್ನ ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತುಗಳೇ ಹೆಚ್ಚು. ಮಕ್ಕಳು ಸೊಪ್ಪು ಕಟ್ಟಲು ಹೋಗಿರುತ್ತಿದ್ದರು. ಉಳಿದವರಿಗೆ ನಾನು ಇಂಗ್ಲೆಂಡಿನ ಕೈಗಾರಿಕಾ ಕ್ರಾಂತಿಯಲ್ಲಿ ಮಕ್ಕಳ ದುಡಿಮೆ ಎಂಬ ಪಾಠ ಮಾಡುತ್ತಿದ್ದೆ.

1996ರ ಆಗಸ್ಟ್ ತಿಂಗಳಿನಲ್ಲಿ ನಮ್ಮ ಬ್ಯಾರನ್ನಿನಲ್ಲಿ ಒಂದು ಗಳು ಮುರಿಯಿತು. ಅದಕ್ಕೆ ಹುಳು ಹಿಡಿದದ್ದು ಮನೆಯವರಿಗೆಲ್ಲ ಗೊತ್ತಿತ್ತು; ಈ ಬೆಳೆ ಮುಗಿಯಲಿ, ಬದಲಿಸೋಣ ಎಂದುಕೊಂಡಿದ್ದೆವು. ಮೇಲಿದ್ದವನು ಕೊಳವೆಯ ಮೇಲೆ ಬಿದ್ದು ಸೊಂಟ ಮುರಿದುಕೊಂಡ. ಆಸ್ಪತ್ರೆಗೆ ಒಯ್ದೆವು, ಖರ್ಚು ಕೊಟ್ಟೆವು, ಮೇಲೆ ಸ್ವಲ್ಪ ಹಣವನ್ನೂ ಕೊಟ್ಟೆವು. ಆಮೇಲೆ ತಂಟೆ ಬಾರದಿರಲೆಂದು ಹಿರಿಯರು ಒಂದು ಪತ್ರ ಮಾಡಿಸಿದರು: ತಾನೇ ಕಾಲು ಜಾರಿ ಬಿದ್ದೆ, ಇದರಲ್ಲಿ ಯಾರ ತಪ್ಪೂ ಇಲ್ಲ. ಆ ಪತ್ರದ ಒಕ್ಕಣೆ ನನ್ನದು, ಅಕ್ಷರವೂ ನನ್ನದು. ಒಂದು ಕಾಗುಣಿತದ ತಪ್ಪೂ ಇರಲಿಲ್ಲ. ಅವನ ಹೆಬ್ಬೆಟ್ಟನ್ನು ಒತ್ತಿಸಿಕೊಂಡದ್ದೂ ನಾನೇ. ಅವನ ಮಗಳು ಆ ವರ್ಷ ನನ್ನ ಒಂಬತ್ತನೆಯ ತರಗತಿಯಲ್ಲಿ ಎರಡನೆಯ ಬೆಂಚಿನಲ್ಲಿ ಕುಳಿತುಕೊಳ್ಳುತ್ತಿದ್ದಳು. ದಸರಾ ರಜೆಯ ನಂತರ ಬರಲಿಲ್ಲ.

ಅಂದು ಅಲ್ಲಿ ದುಡಿಯುತ್ತಿದ್ದವರು ಆರು ಜನ. ಯಾವ ಕಾಯಿದೆಯ ಲೆಕ್ಕಕ್ಕೂ ನಾವು ಸಿಗಲಿಲ್ಲ, ಯಾವ ಅಧಿಕಾರಿಯೂ ಬರಲಿಲ್ಲ. ಬಂದಿದ್ದರೆ ನಾವೂ ಇನ್‌ಸ್ಪೆಕ್ಟರ್ ಕಾಟ ಎನ್ನುತ್ತಿದ್ದೆವು. ಆದರೆ ಬೆಳೆಗೆ ಮುಂಚೆ ಒಬ್ಬನಾದರೂ ಬಂದು ಗಳುಗಳನ್ನು ತಟ್ಟಿ ನೋಡಿ, ಇದನ್ನು ಬದಲಿಸದೆ ಉರಿ ಹಾಕಬೇಡಿ ಎಂದು ಗದರಿದ್ದರೆ ಒಂದು ಗಳುವಿನ ಬೆಲೆಯಲ್ಲಿ ಎಲ್ಲ ಮುಗಿಯುತ್ತಿತ್ತು. ಆದ್ದರಿಂದ, ನಾವೇ ಒಳ್ಳೆಯವರು, ನಮಗೆ ಕಾನೂನೇಕೆ ಎನ್ನುವವರ ಮಾತನ್ನು ನಾನು ನಂಬುವುದಿಲ್ಲ. ನಾವೂ ಒಳ್ಳೆಯವರೇ ಆಗಿದ್ದೆವು.

ನನ್ನ ಶಿಷ್ಯನ ಇನ್ನೊಂದು ವಾದ: “ಸಾರ್, ಇಷ್ಟೆಲ್ಲ ಮಾಡಿದರೆ ದರ ಏರುತ್ತದೆ, ಆರ್ಡರ್ ಬೇರೆಯವರಿಗೆ ಹೋಗುತ್ತದೆ.” 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,134 ಜನ ಸತ್ತರು. ಹಿಂದಿನ ದಿನವೇ ಗೋಡೆಗಳಲ್ಲಿ ಬಿರುಕು ಕಂಡಿತ್ತು. ಕೆಳಗಿನ ಬ್ಯಾಂಕು ತನ್ನ ನೌಕರರನ್ನು ಮನೆಗೆ ಕಳುಹಿಸಿತು, ಮೇಲಿನ ಸಿದ್ಧ ಉಡುಪು ಕಾರ್ಖಾನೆಗಳು ಹೆಣ್ಣುಮಕ್ಕಳನ್ನು ಒಳಗೆ ಕರೆದವು. ಅದರ ನಂತರ ವಿದೇಶಿ ಬಟ್ಟೆ ಕಂಪನಿಗಳೂ ಕಾರ್ಮಿಕ ಸಂಘಗಳೂ ಕಾನೂನುಬದ್ಧ ಒಪ್ಪಂದ ಮಾಡಿಕೊಂಡು, ಸ್ವತಂತ್ರ ತಜ್ಞರು ಸಾವಿರಕ್ಕೂ ಹೆಚ್ಚು ಕಾರ್ಖಾನೆಗಳನ್ನು ಪರೀಕ್ಷಿಸಿ ದುರಸ್ತಿ ಮಾಡಿಸಿದರು. ಆ ದೇಶದ ಬಟ್ಟೆಯ ರಫ್ತು ಅದರಿಂದ ನೆಲಕಚ್ಚಲಿಲ್ಲ. ಮುಂದಿನ ವರ್ಷಗಳಲ್ಲಿ ಏರಿತು. ನಮ್ಮ ಕಡೆಯ ಎಷ್ಟು ಹೆಣ್ಣುಮಕ್ಕಳು ಬೆಂಗಳೂರು, ಮೈಸೂರುಗಳ ಗಾರ್ಮೆಂಟ್ಸಿನಲ್ಲಿದ್ದಾರೆಂದು ಈ ಬ್ಲಾಗಿನ ಓದುಗರಿಗೆ ಗೊತ್ತು. 2023ರ ಫೆಬ್ರವರಿಯಲ್ಲಿ ನಮ್ಮ ವಿಧಾನಮಂಡಲ ದಿನದ ದುಡಿಮೆಯನ್ನು ಹನ್ನೆರಡು ಗಂಟೆಯವರೆಗೆ ಹಿಗ್ಗಿಸಲು ಅವಕಾಶ ಕೊಟ್ಟಾಗ, ಮೂರು ತಿಂಗಳಿಗೆ 75 ಗಂಟೆಯಿದ್ದ ಓವರ್‌ಟೈಮ್ ಮಿತಿಯನ್ನು 144ಕ್ಕೆ ಏರಿಸಿದಾಗ, ಸದನದಲ್ಲಿ ಎಷ್ಟು ಹೊತ್ತು ಚರ್ಚೆ ನಡೆಯಿತೆಂದು ಯಾರಾದರೂ ಕೇಳಿದಿರಾ? ಹತ್ತನೆಯ ಗಂಟೆಯಲ್ಲಿ ಕೈ ಸೋತು ಕಣ್ಣು ಮಂಜಾದವನಿಗೂ ಅಜಾಗರೂಕನೆಂದೇ ಹೆಸರು.

ತನಿಖೆಯ ಬಗ್ಗೆಯೂ ಒಂದು ಮಾತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 81ನೆಯ ಒಡಂಬಡಿಕೆಗೆ ಭಾರತ 1949ರಲ್ಲೇ ಸಹಿ ಹಾಕಿದೆ. ತನಿಖಾಧಿಕಾರಿ ಮುನ್ಸೂಚನೆ ಇಲ್ಲದೆ, ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ, ಕೆಲಸದ ಸ್ಥಳಕ್ಕೆ ಪ್ರವೇಶಿಸಬಹುದೆಂದು ಅದರಲ್ಲಿದೆ. ಹೊಸ ಸಂಹಿತೆಯಲ್ಲಿ ಅವನ ಹೆಸರು ಇನ್‌ಸ್ಪೆಕ್ಟರ್-ಕಮ್-ಫೆಸಿಲಿಟೇಟರ್. ಯಾವ ಕಾರ್ಖಾನೆಗೆ ಯಾರು ಹೋಗಬೇಕೆಂಬುದನ್ನು ಗಣಕಯಂತ್ರ ಚೀಟಿ ಎತ್ತಿದಂತೆ ಗೊತ್ತು ಮಾಡಬಹುದು. ಲಂಚ ತಪ್ಪಿಸಲು ಚೀಟಿ ಎತ್ತುವುದು ಸರಿಯೇ. ಆದರೆ ಕಾರ್ಮಿಕನೊಬ್ಬ ಹೆದರಿ ಹೆದರಿ ಕಾರ್ಡು ಬರೆದು ಹಾಕಿದರೆ ಆ ದಿನವೇ ಹೋಗಲು ಅಧಿಕಾರಿ ಬೇಕು, ವಾಹನ ಬೇಕು, ಮನಸ್ಸು ಬೇಕು. ಪ್ರತಿ ವರ್ಷ ಮಾರ್ಚ್ 4ರಂದು ಸುರಕ್ಷತಾ ದಿನದ ಬ್ಯಾನರ್ ಕಟ್ಟಿ ಪ್ರತಿಜ್ಞೆ ಬೋಧಿಸುವುದಕ್ಕೆ ಇವೇನೂ ಬೇಕಿಲ್ಲ.

ಭೋಪಾಲ್ ದುರಂತ ನಡೆದ 1984ರಲ್ಲಿ ನಾನು ಬಿ.ಎಡ್. ವಿದ್ಯಾರ್ಥಿ. ಆ ಸಾವಿರಾರು ಸಾವುಗಳ ನಂತರ 1987ರಲ್ಲಿ ಕಾಯಿದೆಗೆ ತಿದ್ದುಪಡಿ ಬಂದಿತು. ಅಪಾಯಕಾರಿ ಪ್ರಕ್ರಿಯೆಗಳಿರುವ ಕಾರ್ಖಾನೆ ತಾನು ಬಳಸುವ ವಸ್ತುವಿನ ಅಪಾಯವನ್ನು ಕಾರ್ಮಿಕರಿಗೂ ಸುತ್ತಲಿನವರಿಗೂ ತಿಳಿಸಬೇಕು, ಆಸನ್ನ ಅಪಾಯ ಕಂಡ ಕಾರ್ಮಿಕ ಅದನ್ನು ಮೇಲಿನವರ ಗಮನಕ್ಕೆ ತರಬಹುದು, ಅವರು ಕೂಡಲೇ ಕ್ರಮ ಕೈಗೊಳ್ಳಬೇಕು ಎಂದಾಯಿತು. ಎಷ್ಟು ಹೆಣಗಳಿಗೆ ಒಂದು ಕಲಮು ಎಂಬ ಲೆಕ್ಕ ನಮ್ಮ ದೇಶದಲ್ಲಿ ಹೀಗಿದೆ. ಒಬ್ಬೊಬ್ಬರಾಗಿ ಸತ್ತವರಿಗೆ, ಒಂದೊಂದೇ ಬೆರಳು ಕಳೆದುಕೊಂಡವರಿಗೆ ಯಾವ ತಿದ್ದುಪಡಿಯೂ ಬರುವುದಿಲ್ಲ. ಮಂಗಳೂರಿನ ಐವರಿಗೆ ಬಂದಿತೇ?

ಈಗ, ಅಪ್ಪಾ, ನಿನ್ನ ಹದಿನೆಂಟು ಜನರ ವಿಚಾರ. ಫೋನಿನಲ್ಲಿ ನಿನ್ನನ್ನು ಕೇಳಿದೆ, ನಿನ್ನ ಪ್ರೆಸ್ಸುಗಳಿಗೆ ಎರಡು ಗುಂಡಿಗಳಿವೆಯೇ ಎಂದು. “ಇವೆ ಸಾರ್” ಎಂದೆ. ಎರಡೂ ಕೆಲಸ ಮಾಡುತ್ತವೆಯೇ ಎಂದೆ. ನೀನು ಸ್ವಲ್ಪ ತಡೆದು, “ನೋಡಿಸುತ್ತೇನೆ” ಎಂದೆ. ಆ ತಡೆದ ಕ್ಷಣಕ್ಕಾಗಿಯೇ ಇಷ್ಟುದ್ದ ಬರೆದದ್ದು. ಮುಂದಿನ ತಿಂಗಳು ಕಣ್ಣಿನ ಪರೀಕ್ಷೆಗೆ ಮೈಸೂರಿಗೆ ಬರುವವನಿದ್ದೇನೆ. ನಿನ್ನ ಘಟಕಕ್ಕೂ ಬರುತ್ತೇನೆ. ಯಾವ ದಿನವೆಂದು ಮೊದಲೇ ಹೇಳುವುದಿಲ್ಲ. ಕಾಫಿ ಆಮೇಲೆ ಕುಡಿಯೋಣ, ಮೊದಲು ಪ್ರೆಸ್ಸಿನ ಹತ್ತಿರ ಕರೆದುಕೊಂಡು ಹೋಗು. ಸೈಕಲ್ ಟ್ಯೂಬನ್ನು ಕತ್ತರಿಸಲು ಬ್ಲೇಡನ್ನು ನಾನೇ ತರುತ್ತೇನೆ.